ಮೋರಿಯಿಂದ ಉದ್ಯಾನದವರೆಗೆ: ಊರು ಸುತ್ತಿ ಆಡಳಿತ ಮಾಡಿದ ದಿವಾನ್ ಮಿರ್ಜಾ ಇಸ್ಮಾಯಿಲ್

ತಾವಿರುವ ಬಡಾವಣೆ ಚೆನ್ನಾಗಿದೆ ಅಂತ ಜನ ಹೇಳುವುದು ಯಾವಾಗ? ನಲ್ಲಿಯಲ್ಲಿ ನೀರು ಬರಬೇಕು, ಮೋರಿ ಕಟ್ಟಿಕೊಳ್ಳಬಾರದು, ಕತ್ತಲಾದ ಮೇಲೆ ಬೀದಿ ದೀಪ ಉರಿಯಬೇಕು, ಸಂಜೆ ಹೊತ್ತು ವಯಸ್ಸಾದವರು ಕೂರೋಕೆ ಒಂದಿಷ್ಟು ನೆರಳಿರಬೇಕು. ಇಂಥ ಸಣ್ಣ ಸಂಗತಿಗಳನ್ನೂ ದಿವಾನಗಿರಿಯ ಕೆಲಸ ಅಂದುಕೊಂಡವರು ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ, ಹದಿನೈದು ವರ್ಷ ಅವರು ಮೈಸೂರು ಸಂಸ್ಥಾನದ ದಿವಾನರಾಗಿದ್ದರು.

ಕುದುರೆ ವ್ಯಾಪಾರಿಯ ಮೊಮ್ಮಗ

ಮಿರ್ಜಾ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ಅಜ್ಜ ಆಗಾ ಅಲಿ ಅಸ್ಗರ್ ಪರ್ಷಿಯಾದ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆ ಬಂದು ಇಲ್ಲೇ ನೆಲೆ ನಿಂತವರು. ಬೆಂಗಳೂರಿನ ಅಲಿ ಅಸ್ಗರ್ ರಸ್ತೆಗೆ ಅವರದೇ ಹೆಸರು. ಮೊಮ್ಮಗನಿಗೆ ಸಿಕ್ಕ ಸಹಪಾಠಿ ಸಾಮಾನ್ಯನಲ್ಲ, ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ್ ಆಗಿ ಆಳಿದ ರಾಜಕುಮಾರ. ಆ ಸ್ನೇಹ ಕೊನೆವರೆಗೂ ಉಳಿಯಿತು. ಮಿರ್ಜಾ 1905ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿ ಸರ್ಕಾರಿ ಕೆಲಸಕ್ಕೆ ಸೇರಿದರು. ಮಹಾರಾಜರ ಆಪ್ತ ಕಾರ್ಯದರ್ಶಿಯಾಗಿದ್ದು, ಆಮೇಲೆ ದಿವಾನರಾದರು.

ಬೆಳಗಿನ ಸುತ್ತು

ಬೆಳಗ್ಗೆ ಕುದುರೆ ಏರಿ ಊರು ಸುತ್ತುವುದು ಅವರ ಅಭ್ಯಾಸ. ಕಸದ ರಾಶಿ, ಕಿತ್ತುಹೋದ ರಸ್ತೆ, ಒಣಗಿದ ಗಿಡ ಕಣ್ಣಿಗೆ ಬಿದ್ದರೆ ಸಂಬಂಧಪಟ್ಟ ಅಧಿಕಾರಿಗೆ ಬುಲಾವ್ ಹೋಗುತ್ತಿತ್ತು. ದಿವಾನರು ಯಾವ ಬೀದಿಗೆ ಯಾವಾಗ ಬರುತ್ತಾರೋ ಗೊತ್ತಿಲ್ಲ ಅನ್ನುವ ಭಯವೇ ಅರ್ಧ ಕೆಲಸ ಮಾಡಿಸುತ್ತಿತ್ತು.

ಅವರ ಕಾಲದಲ್ಲೇ, 1933ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ತಿಪ್ಪಗೊಂಡನಹಳ್ಳಿ ಜಲಾಶಯ ಮುಗಿಯಿತು. ಹೆಸರಘಟ್ಟದ ನೀರನ್ನೇ ನಂಬಿದ್ದ ಬೆಂಗಳೂರಿಗೆ ಎರಡನೇ ಆಸರೆ ಸಿಕ್ಕಿತು. 1935ರಲ್ಲಿ ಪುರಭವನ ತೆರೆಯಿತು. ಲಾಲ್‌ಬಾಗ್‌ನ ಜರ್ಮನ್ ತೋಟಗಾರ ಕೃಂಬಿಗಲ್ ಅವರಿಗೆ ಮಿರ್ಜಾ ಬೆನ್ನೆಲುಬಾಗಿ ನಿಂತರು. ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ಬೀದಿಯಲ್ಲಿ ಬಣ್ಣ ಇರಬೇಕು ಅನ್ನುವುದು ಕೃಂಬಿಗಲ್ ಲೆಕ್ಕ. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನವೂ ಮಿರ್ಜಾ ಕನಸೇ. ಟಿಕೆಟ್ ತಗೊಂಡು ಹೋದ ಯಾರೇ ಆಗಲಿ ಅರಮನೆಯ ತೋಟದಂಥ ಜಾಗದಲ್ಲಿ ಓಡಾಡಬಹುದಾಯಿತು.

ಕೈಗೆ ಕೆಲಸ ಇಲ್ಲದಿದ್ದರೆ ಬೀದಿ ಎಷ್ಟು ಚೆಂದ ಇದ್ದು ಏನು ಬಂತು? ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದ ಕಾರ್ಖಾನೆ, ಬೆಂಗಳೂರಿನ ಪಿಂಗಾಣಿ ಕಾರ್ಖಾನೆ ಶುರುವಾಗಿದ್ದೂ ಇವರ ಅವಧಿಯಲ್ಲೇ. ಹಳ್ಳಿಗಳಿಗೂ ಕರೆಂಟು ತಲುಪತೊಡಗಿತು.

ಜನ ಕೇಳಿದ ಇನ್ನೊಂದು

ಆದರೆ ಜನರಿಗೆ ದೀಪ, ನೀರು, ಪಾರ್ಕು ಸಾಲಲಿಲ್ಲ. ನಮ್ಮ ಊರಿನ ವಿಷಯದಲ್ಲಿ ನಮ್ಮ ಮಾತೂ ನಡೀಬೇಕು ಅಂತ ಕೇಳತೊಡಗಿದರು. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆ ಶಾಲೆಯ ಗಣಪತಿ ವಿಚಾರ ದೊಡ್ಡ ಗಲಾಟೆಯಾಯಿತು. ಒಂದು ಪೇಟೆಯ ಜಗಳ ಇಡೀ ನಗರಕ್ಕೆ ಹಬ್ಬಿ, ವಿಶ್ವೇಶ್ವರಯ್ಯನವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ಕೂರಬೇಕಾಯಿತು.

ಹತ್ತು ವರ್ಷದ ನಂತರ ಆಗಿದ್ದು ಇದಕ್ಕಿಂತ ಘೋರ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಬಿಟ್ಟರು. ಬೀದಿಯ ಒಣಗಿದ ಗಿಡವನ್ನೂ ಗಮನಿಸುತ್ತಿದ್ದ ದಿವಾನರ ಆಡಳಿತದಲ್ಲೇ ಇದು ನಡೆದದ್ದು. ಆ ಕಲೆ ಅವರ ಹೆಸರಿಗೆ ಅಂಟಿಕೊಂಡೇ ಇದೆ. ಸರ್ದಾರ್ ಪಟೇಲರು ಬೆಂಗಳೂರಿಗೆ ಬಂದು ಮಾತುಕತೆ ನಡೆಸಿದ ಮೇಲೆ ಸಂಸ್ಥಾನದ ಬಾವುಟದ ಜತೆ ಕಾಂಗ್ರೆಸ್ ಬಾವುಟ ಹಾರಿಸಲೂ ಅವಕಾಶವಾಯಿತು. ಅದೇ ಮಿರ್ಜಾ–ಪಟೇಲ್ ಒಪ್ಪಂದ.

ಜೈಪುರದ ಅಂಗಡಿ ಬೀದಿ

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಮರುವರ್ಷ ಮಿರ್ಜಾ ದಿವಾನಗಿರಿ ಬಿಟ್ಟರು. 1942ರಲ್ಲಿ ಜೈಪುರ ಸಂಸ್ಥಾನದ ಪ್ರಧಾನಿಯಾಗಿ ಹೋದರು. ಹಳೇ ಕೋಟೆಗೋಡೆಯ ಹೊರಗೆ ಅಗಲವಾದ ರಸ್ತೆ ಬಂತು. ಒಳಗಿನ ಬಜಾರುಗಳಲ್ಲಿ ಅಂಗಡಿ ಸಾಲಿನ ಮುಂದೆ ವರಾಂಡಗಳು ಎದ್ದವು. ರಾಜಸ್ಥಾನದ ಬಿಸಿಲಲ್ಲಿ ಗಿರಾಕಿ ನೆರಳಲ್ಲೇ ನಡೆದುಕೊಂಡು ಅಂಗಡಿಯಿಂದ ಅಂಗಡಿಗೆ ಹೋಗಬಹುದಾಯಿತು. ನೆರಳಿದ್ದ ಕಡೆ ಗಿರಾಕಿ ನಾಲ್ಕು ನಿಮಿಷ ಹೆಚ್ಚು ನಿಲ್ಲುತ್ತಾನೆ ಅನ್ನುವುದನ್ನು ಅಂಗಡಿ ಇಟ್ಟವರಿಗೆ ಬಿಡಿಸಿ ಹೇಳಬೇಕಿಲ್ಲ. ಜೈಪುರದ ಜನ ಎಂ.ಐ. ರೋಡ್ ಅನ್ನುವುದು ಮಿರ್ಜಾ ಇಸ್ಮಾಯಿಲ್ ರಸ್ತೆಗೇ.

1946ರಲ್ಲಿ ಹೈದರಾಬಾದಿಗೆ ಹೋದರು. ಅಲ್ಲಿನ ರಾಜಕೀಯ ಹೊಂದಲಿಲ್ಲ, ಮರುವರ್ಷವೇ ಹೊರಬಂದರು. 1954ರಲ್ಲಿ ಆತ್ಮಕಥೆ ಪ್ರಕಟಿಸಿದರು. 1959ರ ಜನವರಿ 5ರಂದು ಹುಟ್ಟಿದ ಊರಲ್ಲೇ ಕಣ್ಣು ಮುಚ್ಚಿದರು.

ಅವರ ಕಾಲದಲ್ಲಿ ಎದ್ದ ಬೆಂಗಳೂರಿನ ಪುರಭವನದ ಮೆಟ್ಟಿಲುಗಳು ಮುಂದೆ ದಶಕಗಳ ಕಾಲ ಜನ ಧರಣಿ ಕೂರುವ ಜಾಗವಾದವು. ರಸ್ತೆ, ನೀರು, ಕಸ, ಕೂಲಿ ಎಲ್ಲದರ ಬಗ್ಗೆ ಅಲ್ಲಿ ಘೋಷಣೆ ಮೊಳಗಿದೆ. ಮಿರ್ಜಾ ಊರಿಗೆ ಅಂದ ತಂದುಕೊಟ್ಟರು. ಊರಿನ ಬಗ್ಗೆ ಮಾತಾಡುವ ಹಕ್ಕನ್ನು ಜನ ತಾವೇ ಹೋರಾಡಿ ಪಡೆದುಕೊಂಡರು.