ಮನೆಯ ಕೋಣೆಯಿಂದ ಹೊರಟ ಆಕಾಶವಾಣಿ: ಡಾ. ಎಂ. ವಿ. ಗೋಪಾಲಸ್ವಾಮಿ

ಹಳೆಯ ರೇಡಿಯೋ ಪೆಟ್ಟಿಗೆಯ ಹಿಂಬದಿಯ ಹಲಗೆಯನ್ನು ಬಿಚ್ಚಿ ನೋಡಿದವರಿಗೆ ವಾಲ್ವುಗಳ ಪರಿಚಯವಿರುತ್ತದೆ. ಹೆಬ್ಬೆರಳಿನಷ್ಟು ದಪ್ಪದ ಗಾಜಿನ ಬುರುಡೆ, ಅದರೊಳಗೆ ಬೂದುಬಣ್ಣದ ತಗಡು, ಗುಂಡಿ ತಿರುಗಿಸಿ ಅರ್ಧ ನಿಮಿಷ ಕಾದರೆ ಮೆಲ್ಲನೆ ಕಾಣಿಸಿಕೊಳ್ಳುವ ಕೆಂಡದಂಥ ಬೆಳಕು, ಆಮೇಲೆ ಮಾತು. ಟ್ರಾನ್ಸಿಸ್ಟರ್ ಬಂದು ಈ ವಾಲ್ವುಗಳನ್ನು ಗುಜರಿಗೆ ಕಳಿಸಿ ಅರ್ಧ ಶತಮಾನವೇ ಆಯಿತು. ಈಗ ಕೆಲವರು ಅವನ್ನೇ ಮತ್ತೆ ಹುಡುಕಿ ಕೂಡಿಡುತ್ತಿದ್ದಾರೆ. ಹೆಡ್‌ಫೋನಿಗೆ ಜೋಡಿಸುವ ಪುಟ್ಟ ಆಂಪ್ಲಿಫೈಯರಿನಲ್ಲಿ ಅವನ್ನು ಕೂರಿಸಿ, ಒಂದನ್ನು ತೆಗೆದು ಇನ್ನೊಂದನ್ನು ಹಾಕಿ, ಯಾವುದರಲ್ಲಿ ಪಿಟೀಲಿನ ನಾದ ಹೆಚ್ಚು ಹಿತವಾಗಿ ಕೇಳುತ್ತದೆಂದು ರಾತ್ರಿಯೆಲ್ಲ ಕೂತು ನೋಡುವವರಿದ್ದಾರೆ. ಇದು ದುಬಾರಿ ಹವ್ಯಾಸ, ಶಾಲಾ ಮಾಸ್ತರರ ಸಂಬಳಕ್ಕೆ ಎಟುಕುವಂಥದ್ದಲ್ಲ. ಆದರೆ ಇದೇ ವಾಲ್ವಿನ ಬೆಳಕಿನಲ್ಲಿ, ತಮ್ಮ ಸ್ವಂತ ಮನೆಯಲ್ಲಿ, ಕನ್ನಡಕ್ಕೆ ಬಾನುಲಿಯ ಬಾಯಿ ಕೊಟ್ಟ ಒಬ್ಬ ಪ್ರಾಧ್ಯಾಪಕರಿದ್ದರು. ಅವರನ್ನು ಇಲ್ಲಿ ನೆನೆಯಬೇಕೆನಿಸಿದೆ.

ಡಾ. ಎಂ. ವಿ. ಗೋಪಾಲಸ್ವಾಮಿಯವರು ಇಂಜಿನಿಯರರಾಗಿರಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅವರು ಕಲಿಸುತ್ತಿದ್ದುದು ಮನಶ್ಶಾಸ್ತ್ರ. ಲಂಡನ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಎಂಬ ಪ್ರಸಿದ್ಧ ಪಂಡಿತರ ಕೈಕೆಳಗೆ ಅವರು ಸಂಶೋಧನೆ ನಡೆಸಿದರು. ಮನುಷ್ಯನ ನಾನಾ ಸಾಮರ್ಥ್ಯಗಳ ಹಿಂದೆ ಸಾಮಾನ್ಯ ಬುದ್ಧಿಶಕ್ತಿಯೊಂದು ಇದೆಯೆಂದು ಸ್ಪಿಯರ್‌ಮನ್ 1904ರಲ್ಲಿ ಪ್ರತಿಪಾದಿಸಿದ್ದರು. ಅದೇ 1904ರಲ್ಲಿ, ಅದೇ ಲಂಡನ್ನಿನಲ್ಲಿ, ಜಾನ್ ಆಂಬ್ರೋಸ್ ಫ್ಲೆಮಿಂಗ್ ಮೊದಲ ರೇಡಿಯೋ ವಾಲ್ವನ್ನು ರೂಪಿಸಿದ್ದರೆಂಬುದು ಬರಿಯ ಕಾಕತಾಳೀಯ. ಆದರೂ ಮುಂದೆ ಗೋಪಾಲಸ್ವಾಮಿಯವರ ಬಾಳಿನಲ್ಲಿ ಈ ಎರಡೂ ಒಂದೇ ಸೂರಿನಡಿ ಬಂದು ಸೇರಿದುದನ್ನು ನೋಡಿದಾಗ ನಮಗೆ ಅದೊಂದು ಸೋಜಿಗವಾಗಿ ತೋರುತ್ತದೆ.

ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬವನ್ನಷ್ಟೇ ನೋಡುತ್ತ ಕಾಗದದ ಮೇಲೆ ಗೆರೆ ಎಳೆಯುವುದನ್ನು ಮನುಷ್ಯ ಹೇಗೆ ಕಲಿಯುತ್ತಾನೆ ಎಂಬುದು ಅವರ ಸಂಶೋಧನೆಯ ವಿಷಯ. ಕೈ ತಪ್ಪುತ್ತದೆ, ತಿದ್ದಿಕೊಳ್ಳುತ್ತದೆ, ಮತ್ತೆ ತಪ್ಪುತ್ತದೆ. ಹೀಗೆ ತಪ್ಪಿ ತಿದ್ದಿಕೊಳ್ಳುವ ಕ್ರಮದಲ್ಲಿ ಬುದ್ಧಿಯ ಪಾಲೆಷ್ಟು ಎಂದು ಅವರು ಅಳೆದರು. ಬ್ರಜೇಂದ್ರನಾಥ ಸೀಲರು ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಕಾಲದಲ್ಲಿ, 1924ರಲ್ಲಿ, ಅಲ್ಲಿ ಮನಶ್ಶಾಸ್ತ್ರದ ವಿಭಾಗ ತೆರೆಯಿತು. ಕಲ್ಕತ್ತೆಯ ಅನಂತರ ಭಾರತದಲ್ಲಿ ಇದೇ ಎರಡನೆಯದು. ಅದನ್ನು ಕಟ್ಟಿ ನಿಲ್ಲಿಸಿದವರು ಗೋಪಾಲಸ್ವಾಮಿಯವರು. ಪುಸ್ತಕ ಓದಿ ಹೇಳುವುದಷ್ಟೇ ಅಲ್ಲ, ಪ್ರಯೋಗಶಾಲೆಯೂ ಬೇಕು ಎಂಬ ಪಂಥದವರು ಅವರು.

ಆಗ ನಮ್ಮ ದೇಶದ ರೇಡಿಯೋ ಹೇಗಿತ್ತು? 1924ರಲ್ಲಿ ಮದರಾಸಿನಲ್ಲಿ ಕೆಲವು ಹವ್ಯಾಸಿಗಳು ಕ್ಲಬ್ಬು ಕಟ್ಟಿಕೊಂಡು ಪ್ರಸಾರ ಆರಂಭಿಸಿದರು. ಹಣ ಸಾಲದೆ ಕೆಲವೇ ವರ್ಷಗಳಲ್ಲಿ ಅದು ನಿಂತಿತು. 1927ರಲ್ಲಿ ಖಾಸಗಿ ಕಂಪೆನಿಯೊಂದು ಮುಂಬಯಿ, ಕಲ್ಕತ್ತೆಗಳಲ್ಲಿ ತಲಾ ಒಂದೂವರೆ ಕಿಲೋವಾಟ್ ಶಕ್ತಿಯ ಕೇಂದ್ರಗಳನ್ನು ತೆರೆಯಿತು. ಮೂರು ವರ್ಷ ತುಂಬುವ ಮೊದಲೇ ಅದೂ ದಿವಾಳಿಯಾಯಿತು. 1930ರಲ್ಲಿ ಬ್ರಿಟಿಷ್ ಸರಕಾರ ಆ ಕೇಂದ್ರಗಳನ್ನು ಕೈಗೆತ್ತಿಕೊಂಡಿತು. ದೆಹಲಿ ಕೇಂದ್ರ ಆರಂಭವಾದದ್ದು 1936ರ ಜನವರಿಯಲ್ಲಿ, ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದದ್ದು ಆ ವರ್ಷದ ಜೂನಿನಲ್ಲಿ. ಅಂದರೆ ಕಂಪೆನಿಗಳೇ ಕೈಸುಟ್ಟುಕೊಂಡಿದ್ದ ವ್ಯವಹಾರವಿದು. ಇಂಥದಕ್ಕೆ ಸಂಬಳದ ಮೇಲೆ ಬದುಕುವ ಕಾಲೇಜು ಮೇಷ್ಟರೊಬ್ಬರು ಕೈಹಾಕಿದರು.

1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ನಿವಾಸ ವಿಠಲ ವಿಹಾರದಲ್ಲಿ ಅವರು ಪ್ರಸಾರ ಆರಂಭಿಸಿದರು. ಯಂತ್ರದ ಶಕ್ತಿ ಬರಿಯ 30 ವಾಟ್. ಜಗಲಿಯಲ್ಲಿ ಹಾಕುತ್ತಿದ್ದ 40 ಕ್ಯಾಂಡಲಿನ ಬಲ್ಬು ಉಣ್ಣುತ್ತಿದ್ದಷ್ಟು ವಿದ್ಯುತ್ತೂ ಅದರ ತಂತಿಗಂಬದಿಂದ ಹೊರಬೀಳುತ್ತಿರಲಿಲ್ಲ. ಅಷ್ಟನ್ನೇ ನಂಬಿ ಕುವೆಂಪು ಕವಿತೆ ಓದಿದರು, ಚೌಡಯ್ಯನವರು ಪಿಟೀಲು ನುಡಿಸಿದರು. ಕನ್ನಡದ ಮೊದಲ ಬಾನುಲಿ ಕೇಂದ್ರದ ಆರಂಭಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಸಿಕ್ಕುತ್ತಿರಲಿಲ್ಲವೆಂದು ನಮ್ಮ ಅಭಿಮತ.

ಇಷ್ಟು ಸಣ್ಣ ಶಕ್ತಿ ಊರನ್ನು ಹೇಗೆ ಮುಟ್ಟುತ್ತದೆ ಎಂಬುದನ್ನು ಮಕ್ಕಳಿಗೂ ತಿಳಿಯುವಂತೆ ಹೇಳಬಹುದು. ವಾಲ್ವಿನ ಗಾಜಿನೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದಿರುತ್ತಾರೆ. ನಡುವಿನ ತಂತಿ ಕಾದಾಗ ಅದರಿಂದ ಇಲೆಕ್ಟ್ರಾನುಗಳು ಹೊರಚಿಮ್ಮಿ ಸುತ್ತಲಿನ ತಗಡಿನತ್ತ ಓಡುತ್ತವೆ. ಈ ಎರಡರ ನಡುವೆ 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಒಂದು ತೆಳು ಜಾಲರಿಯನ್ನಿಟ್ಟ. ಜಾಲರಿಗೆ ಬರುವ ವಿದ್ಯುತ್ತಿನ ಸಣ್ಣ ಏರಿಳಿತವೂ ತಗಡಿನತ್ತ ಹೋಗುವ ದೊಡ್ಡ ಹರಿವನ್ನು ತನ್ನಂತೆಯೇ ಕುಣಿಸುತ್ತದೆ. ತೋಟದ ಕಣಿಯಲ್ಲಿ ಅಂಗೈಯಗಲದ ಹಲಗೆಯನ್ನು ಎತ್ತಿ ಇಳಿಸಿ ಇಡೀ ನೀರನ್ನು ಆಳುವ ಹಾಗೆ. ಮೈಕಿನ ಮುಂದೆ ಆಡಿದ ಪಿಸುಮಾತು ವಾಲ್ವಿನಿಂದ ವಾಲ್ವಿಗೆ ದಾಟುತ್ತ ಬೆಳೆದು ಗಾಳಿಗೇರುತ್ತದೆ. ಕೇಳುವವರ ಪೆಟ್ಟಿಗೆಯಲ್ಲಿ ಇನ್ನೊಂದಿಷ್ಟು ವಾಲ್ವುಗಳು ಅದನ್ನು ಹಿಡಿದು ಮತ್ತೆ ಹಿಗ್ಗಿಸುತ್ತವೆ. ವಾಲ್ವಿಲ್ಲದ ಹರಳು ರೇಡಿಯೋ ಇಟ್ಟುಕೊಂಡವರು ಹೆಡ್‌ಫೋನನ್ನು ಕಿವಿಗೊತ್ತಿಕೊಂಡೇ ಕೇಳಬೇಕಾಗಿದ್ದ ಕಾಲವದು. ಮನೆಮಂದಿಗೆಲ್ಲ ಕೇಳಲೆಂದು ಹೆಡ್‌ಫೋನನ್ನು ಪಾತ್ರೆಯೊಳಗಿಡುವ ಉಪಾಯವೂ ಇತ್ತು.

ಮುಂದೆ ಗೋಪಾಲಸ್ವಾಮಿಯವರು 250 ವಾಟಿನ ಪ್ರಸಾರಯಂತ್ರವನ್ನು ತಂದರು. ಖರ್ಚು ಅವರ ಕಿಸೆಯಿಂದ; ಸಾರ್ವಜನಿಕರ ನೆರವೂ ಒಂದಿಷ್ಟು ಒದಗಿತು. ಸುಮಾರು ಆರು ವರ್ಷ ಕಾಲ ಅವರು ಅದನ್ನು ನಡೆಸಿದರು. ಸಂಗೀತ, ಭಾಷಣ, ಕಾವ್ಯವಾಚನ ಎಲ್ಲವೂ ಮನೆಯೊಂದರಿಂದ ಹೊರಟು ಊರಿನ ಮನೆಗಳನ್ನು ಸೇರುತ್ತಿದ್ದವು. ಮನಶ್ಶಾಸ್ತ್ರಜ್ಞನಿಗೆ ಇದರಲ್ಲೇನು ಕೆಲಸ ಎಂದು ಕೇಳುವವರಿರಬಹುದು. ಕಾಣದವನ ದನಿ ಕೇಳುವವನ ಮನಸ್ಸಿನಲ್ಲಿ ಏನನ್ನು ಎಬ್ಬಿಸುತ್ತದೆ ಎಂಬುದು ಮನಶ್ಶಾಸ್ತ್ರದ ಪ್ರಶ್ನೆಯಲ್ಲದೆ ಇನ್ನೇನು?

ಕೇಂದ್ರಕ್ಕೆ ಇಟ್ಟ ಹೆಸರು ಆಕಾಶವಾಣಿ. ಯಕ್ಷಗಾನದ ಊರಿನವರಾದ ನಮಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇವಕಿಯ ಎಂಟನೆಯ ಮಗುವಿನಿಂದ ಸಾವು ಎಂದು ಕಂಸನಿಗೆ ತಿಳಿಸಿದ ಅಶರೀರವಾಣಿಯನ್ನು ಆಟದಲ್ಲಿ ಕೇಳಿಯೇ ಬೆಳೆದವರು ನಾವು. ಪುರಾಣದ ಈ ಪದವನ್ನು ಹೊಸ ಯಂತ್ರಕ್ಕೆ ಹೊಂದಿಸಿದವರು ನಾ. ಕಸ್ತೂರಿಯವರೆಂಬುದು ಪ್ರಚಲಿತವಾದ ಮಾತು. ಗೋಪಾಲಸ್ವಾಮಿಯವರೇ ಎನ್ನುವವರೂ ಇದ್ದಾರೆ. ಹೇಗಾದರೂ ಅದು ಹುಟ್ಟಿದ್ದು ಆ ಮನೆಯ ಬಳಗದಲ್ಲಿ.

ಇಲ್ಲಿ ಕಸ್ತೂರಿಯವರ ವಿಷಯವಾಗಿ ನಾಲ್ಕು ಮಾತು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸಾಗದು. ಅವರು ಹುಟ್ಟಿದ್ದು 1897ರಲ್ಲಿ, ಕೊಚ್ಚಿ ಸೀಮೆಯ ತೃಪ್ಪೂಣಿತ್ತುರದಲ್ಲಿ. ಮನೆಮಾತು ಮಲಯಾಳಂ. ಕೆಲಸಕ್ಕೆಂದು ಮೈಸೂರಿಗೆ ಬಂದು, ಮೇಷ್ಟರಾಗಿ, ಆಮೇಲೆ ಇತಿಹಾಸದ ಅಧ್ಯಾಪಕರಾಗಿ, ಕನ್ನಡವನ್ನು ಕಲಿತರು. ಕಲಿತದ್ದು ಮಾತ್ರವಲ್ಲ, ಕನ್ನಡಿಗರನ್ನೇ ನಗಿಸುವಷ್ಟು ಬಲ್ಲವರಾದರು. ಪದಗಳಿಗೆ ತಲೆಕೆಳಗಾದ ಅರ್ಥ ಕೊಡುವ ಅವರ ಅನರ್ಥಕೋಶವನ್ನೂ ಕೊರವಂಜಿಯ ಬರಹಗಳನ್ನೂ ಹಳಬರು ಮರೆತಿಲ್ಲ. ಗೋಪಾಲಸ್ವಾಮಿಯವರ ಕೇಂದ್ರಕ್ಕೆ ಅವರು ಬಲಗೈಯಾಗಿದ್ದರು; ಮುಂದೆ ಬೆಂಗಳೂರು ಕೇಂದ್ರದಲ್ಲೂ ಕೆಲಕಾಲ ದುಡಿದರು. ಕೊನೆಯ ದಶಕಗಳನ್ನು ಅವರು ಕಳೆದದ್ದು ಅನಂತಪುರ ಜಿಲ್ಲೆಯಲ್ಲಿದ್ದ ಪುಟ್ಟಪರ್ತಿಯಲ್ಲಿ, ತೀರಿಕೊಂಡದ್ದು 1987ರಲ್ಲಿ. ಮಲಯಾಳಂ ನಾಡಿನಲ್ಲಿ ಹುಟ್ಟಿದ ಕನ್ನಡ ಲೇಖಕ ತೆಲುಗು ನಾಡಿನಲ್ಲಿ ಬಾಳನ್ನು ಮುಗಿಸಿದರು. ಭಾಷೆಯ ಬೇಲಿಯ ಬಗ್ಗೆ ಜಗಳಕ್ಕೆ ನಿಲ್ಲುವ ಎರಡೂ ಕಡೆಯವರು ಈ ಜೀವನವನ್ನೊಮ್ಮೆ ಓದಬೇಕು.

1942ರ ಜನವರಿ 1ರಂದು ಮೈಸೂರು ಸರಕಾರವು ಕೇಂದ್ರವನ್ನು ವಹಿಸಿಕೊಂಡಿತು. ಸಂಸ್ಥಾನಗಳು ಭಾರತದಲ್ಲಿ ಸೇರಿದ ಮೇಲೆ, 1950ರ ಏಪ್ರಿಲ್ 1ರಂದು, ಹೈದರಾಬಾದು, ತಿರುವನಂತಪುರ ಮುಂತಾದ ಕೇಂದ್ರಗಳೊಂದಿಗೆ ಮೈಸೂರಿನದೂ ಆಲ್ ಇಂಡಿಯಾ ರೇಡಿಯೋದ ಪಾಲಾಯಿತು. 1955ರ ನವೆಂಬರ್ 2ರಂದು ಬೆಂಗಳೂರು ಕೇಂದ್ರ ಆರಂಭವಾದಾಗ ಮೈಸೂರಿನದು ಅಲ್ಲಿಗೆ ಹೋಯಿತು. ಮನೆಯಲ್ಲಿ ಸಾಕಿದ ಕೂಸು ರಾಜಧಾನಿಗೆ ನಡೆದ ಹಾಗೆ. ಕೂಸಿನ ಹೆಸರೂ ಅದರೊಂದಿಗೆ ನಡೆಯಿತು. 1956-57ರ ಹೊತ್ತಿಗೆ ಇಡೀ ದೇಶದ ಪ್ರಸಾರಕ್ಕೆ ಆಕಾಶವಾಣಿ ಎಂಬ ಹೆಸರು ಸಂದಿತು. 2023ರಲ್ಲಂತೂ ಇಂಗ್ಲಿಷಿನಲ್ಲಿಯೂ ಆ ಹೆಸರನ್ನೇ ಬಳಸಬೇಕೆಂದು ದೆಹಲಿಯಿಂದ ಆದೇಶ ಬಂತು. ಇದು ದೆಹಲಿಯವರು ಕಂಡುಹಿಡಿದ ಹಿಂದಿ ಮಾತೆಂದು ನಮ್ಮ ಎಷ್ಟೋ ಮಂದಿ ತಿಳಿದುಕೊಂಡಿದ್ದಾರೆ. ಮಕ್ಕಳಿಗೆ ಅದರ ಹುಟ್ಟಿದ ಮನೆಯ ವಿಳಾಸವನ್ನು ತಿಳಿಸುವುದು ನಮ್ಮಂಥವರ ಕೆಲಸ.

ಇಷ್ಟರೊಳಗೆ ನೆಲದ ಮೇಲೆ ಗೆರೆಗಳು ಬಿದ್ದಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಅದರ ರಾಯದುರ್ಗ ತಾಲೂಕು ಅನಂತಪುರಕ್ಕೆ ಸೇರಿತು. ಅನಂತಪುರದ್ದೇ ಆಗಿದ್ದ ಮಡಕಶಿರಾ ಸೀಮೆ ಅಲ್ಲಿಯೇ ಉಳಿಯಿತು. ಆ ಸೀಮೆಯ ರತ್ನಗಿರಿ ಹಿಂದೆ ಪಾಳೆಯಗಾರರ ಕೋಟೆಯಿದ್ದ ಊರು, ಈಗ ರೊಳ್ಳ ಮಂಡಲಕ್ಕೆ ಸೇರಿದೆ. ಮಾತು ಕನ್ನಡ, ಗಡಿ ದಾಟಿದರೆ ತುಮಕೂರು ಜಿಲ್ಲೆ. ಕಚೇರಿಯ ಕಾಗದ ಮಾತ್ರ ತೆಲುಗಿನಲ್ಲಿ. 2022ರಲ್ಲಿ ಜಿಲ್ಲೆಗಳನ್ನು ಮತ್ತೆ ಒಡೆದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲಿಯೇ ನಿಂತಿತು. ನಮ್ಮ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಥೆ ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ. ಅವರ ಕಷ್ಟ ನಮಗೆ ಬೇಗ ತಿಳಿಯುತ್ತದೆ, ನಮ್ಮದು ಅವರಿಗೆ.

ಗೋಪಾಲಸ್ವಾಮಿಯವರ ಕೆಲಸದ ನಿಜವಾದ ಬೆಲೆ ತಿಳಿದದ್ದು ಈ ಗೆರೆಗಳು ಬಿದ್ದ ಮೇಲೆಯೇ. ಅವರ 250 ವಾಟ್ ಇಷ್ಟು ದೂರ ಬರುತ್ತಿರಲಿಲ್ಲ. ಆದರೆ ಅವರು ನೆಟ್ಟ ಸಸಿ ಬೆಂಗಳೂರಿನಲ್ಲಿ ಮರವಾಗಿ, ಧಾರವಾಡದಲ್ಲಿ 1950ರಿಂದಲೇ ಇದ್ದ ಕೇಂದ್ರದೊಂದಿಗೆ ಗಡಿಯಾಚೆಯ ಮನೆಗಳಿಗೂ ನೆರಳಾಯಿತು. ಮಧ್ಯಮ ತರಂಗಗಳು ನೆಲವನ್ನು ಅನುಸರಿಸಿ ಬಹುದೂರ ಸಾಗುತ್ತವೆ. ಸೂರ್ಯ ಮುಳುಗಿದ ಮೇಲಂತೂ ಬಾನಿನ ಮೇಲಣ ಪದರಕ್ಕೆ ತಾಗಿ ಮರಳಿ ನೆಲಕ್ಕಿಳಿಯುತ್ತವೆ. ಹಗಲು ಗೊರಗೊರ ಎನ್ನುತ್ತಿದ್ದ ಕೇಂದ್ರ ರಾತ್ರಿಯಾಗುತ್ತಲೇ ನಿಚ್ಚಳವಾಗಿ ಕೇಳುತ್ತಿದ್ದುದಕ್ಕೆ ಇದೇ ಕಾರಣ. ಯಾವ ಸರಕಾರದ ಅಪ್ಪಣೆಯನ್ನೂ ಕೇಳದೆ ವಾರ್ತೆ, ನಾಟಕ, ದಾಸರ ಪದ ಗಡಿ ದಾಟುತ್ತಿದ್ದವು.

ಕರೆಂಟಿಲ್ಲದ ಹಳ್ಳಿಯಲ್ಲಿ ವಾಲ್ವಿನ ಪೆಟ್ಟಿಗೆ ಸಾಕುವುದೆಂದರೆ ಹಾಲು ಕೊಡುವ ಎಮ್ಮೆ ಸಾಕಿದ ಹಾಗೆ. ತಂತಿ ಕಾಯಿಸಲು ಒಂದು ಬ್ಯಾಟರಿ, ತಗಡಿಗೆ 90 ವೋಲ್ಟಿನಷ್ಟು ಕೊಡಲು ಇಟ್ಟಿಗೆಯಂಥ ಇನ್ನೊಂದು. ಅದರ ಆಯುಸ್ಸು ಉಳಿಸಲು ವಾರ್ತೆ ಮುಗಿಯುತ್ತಲೇ ಗುಂಡಿ ತಿರುಗಿಸಿ ಆರಿಸುತ್ತಿದ್ದರು. ಮೇಲೆ ಅಂಚೆ ಕಚೇರಿಯ ಲೈಸೆನ್ಸು ಬೇರೆ. ಇಷ್ಟಾಗಿಯೂ ಊರಿಗೊಂದು ರೇಡಿಯೋ ಇದ್ದರೆ ಅದರ ಮುಂದೆ ಹತ್ತು ಮನೆಯವರು ಕೂರುತ್ತಿದ್ದರು.

ಆ ವಾಲ್ವುಗಳನ್ನು ಮುಂದೆ ಕನ್ನಡ ನೆಲದಲ್ಲೇ ಮಾಡಿದರು. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಗಿಳಿಯಿತು, 1964ರಲ್ಲಿ ಆಕಾಶವಾಣಿಗೆ ಪ್ರಸಾರಯಂತ್ರಗಳನ್ನೇ ಮಾಡಿತು. ಬಿ.ಇ.ಎಲ್. ಮುದ್ರೆಯ ಹಳೆಯ ವಾಲ್ವುಗಳನ್ನು ಇಂದಿನ ಹೆಡ್‌ಫೋನ್ ಹವ್ಯಾಸಿಗಳು ಹುಡುಕುವುದುಂಟು. ವಾಲ್ವಿನ ದನಿಗೆ ಒಂದು ಬೆಚ್ಚನೆಯ ಗುಣವಿದೆಯೆಂದು ಅವರ ವಾದ. ಯಂತ್ರ ಬಲ್ಲವರು ಹೇಳುವುದೇ ಬೇರೆ: ವಾಲ್ವು ಮೂಲ ಸ್ವರಕ್ಕೆ ಅದರ ಇಮ್ಮಡಿ ಶ್ರುತಿಯನ್ನು, ಅಂದರೆ ಮೇಲಿನ ಷಡ್ಜವನ್ನು ಒಂದಿಷ್ಟು ಬೆರೆಸುತ್ತದೆ, ಅದು ಲೆಕ್ಕಕ್ಕೆ ದೋಷ, ಕಿವಿಗೆ ಹಿತ. ಗೋಪಾಲಸ್ವಾಮಿಯವರಿದ್ದಿದ್ದರೆ ಇದರ ಮೇಲೊಂದು ಪ್ರಯೋಗ ಹೂಡುತ್ತಿದ್ದರೇನೋ.

ಈಚೆಗೆ ಮಧ್ಯಮ ತರಂಗದ ಹಲವು ಪ್ರಸಾರಯಂತ್ರಗಳನ್ನು ದೇಶದಲ್ಲಿ ನಿಲ್ಲಿಸಿ ಎಫ್.ಎಂ.ಗೆ ಬದಲಾಯಿಸುತ್ತಿದ್ದಾರೆ. ಎಫ್.ಎಂ. ದನಿ ಶುದ್ಧ, ಆದರೆ ಆ ತರಂಗ ಹೆಚ್ಚುಕಡಿಮೆ ಕಣ್ಣಿನ ನೋಟ ಹೋದಷ್ಟೇ ದೂರ ಹೋಗುತ್ತದೆ. ಗುಡ್ಡ ಅಡ್ಡ ಬಂದರೆ ಮುಗಿಯಿತು. ಊರೊಳಗಿನವರಿಗೆ ಲಾಭ, ಗಡಿಯವರಿಗೆ ನಷ್ಟ. ಮೊಬೈಲಿನಲ್ಲಿ ಎಲ್ಲ ಕೇಂದ್ರಗಳೂ ಸಿಗುತ್ತವೆಂದು ಸಮಾಧಾನ ಹೇಳಬಹುದು. ಸಿಗುತ್ತವೆ ನಿಜ, ಹುಡುಕಿಕೊಂಡು ಹೋದವರಿಗೆ. ಅಜ್ಜಿ ಅಡುಗೆಮನೆಯಲ್ಲಿ ಹಚ್ಚಿಟ್ಟ ರೇಡಿಯೋದಿಂದ ಮೊಮ್ಮಗನ ಕಿವಿಗೆ ತಾನಾಗಿ ಬೀಳುತ್ತಿದ್ದ ಕನ್ನಡ ಬೇರೆ. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವ ಈ ದಿನಗಳಲ್ಲಿ ಆ ತಾನಾಗಿ ಬೀಳುವ ಮಾತಿನ ಕೊರತೆ ನಮಗೆ ದಿನವೂ ಕಾಣುತ್ತಿದೆ.

ಮಂಗಳೂರು ಕೇಂದ್ರ ನಮಗೆ ದೊರೆತದ್ದು 1976ರ ಡಿಸೆಂಬರ್ 11ರಂದು. ಅದಕ್ಕೆ ಎರಡು ವರ್ಷ ಮೊದಲು, 1974ರ ನವೆಂಬರ್ 14ರಂದು, ಹತ್ತೊಂಬತ್ತು ವರ್ಷಗಳ ಮೌನದ ಬಳಿಕ ಮೈಸೂರಿನಲ್ಲಿ ಆಕಾಶವಾಣಿ ಮತ್ತೆ ಮಾತಾಡಿತು. ಆ ಕೇಂದ್ರವಿರುವ ಜಾಗಕ್ಕೂ ಗೋಪಾಲಸ್ವಾಮಿಯವರ ವಿಠಲ ವಿಹಾರಕ್ಕೂ ನಡುವಿನ ದೂರ ಸುಮಾರು ಇನ್ನೂರು ಗಜ.