ಮಕ್ಕಳ ಬೆನ್ನ ಮೇಲಿನ ಬೆತ್ತವನ್ನು ವಿಚಾರಣೆಗೊಳಪಡಿಸಿದ ಇಬ್ನು ಖಲ್ದೂನ್



ದೊಡ್ಡಬಳ್ಳಾಪುರ ತಾಲೂಕಿನ ಸಾಸಲು ಹೋಬಳಿಯಂತಹ ಕಡೆ ವಾಸಿಸುವ ಒಬ್ಬ ತಂದೆಯ ಸ್ಥಾನದಲ್ಲಿ ನಿಮ್ಮನ್ನು ಒಮ್ಮೆ ನಿಲ್ಲಿಸಿಕೊಂಡು ನೋಡಿ. ಮಗನಿಗೆ ಎಂಟೊಂಬತ್ತು ವರ್ಷ. ಬೆಳಿಗ್ಗೆ ಫಜ್ರ್ ನಮಾಝಿನ ನಂತರ ಮಕ್ತಬ್, ಆಮೇಲೆ ಶಾಲೆ. ಒಂದು ಸಂಜೆ ಅವನ ಅಂಗೈಯಲ್ಲಿ ಬೆತ್ತದ ಬರೆ ಕಾಣುತ್ತದೆ. ಏನಾಯಿತೆಂದು ಕೇಳಿದರೆ ಬಿದ್ದೆ ಎನ್ನುತ್ತಾನೆ. ಏಟು ತಿಂದದ್ದನ್ನು ಹೇಳಿದರೆ ಮನೆಯಲ್ಲಿ ಇನ್ನೆರಡು ಬೀಳುತ್ತವೆಂದು ಅವನಿಗೆ ಗೊತ್ತು. ಅವನು ಬಿದ್ದಿಲ್ಲವೆಂದು ನಿಮಗೂ ಗೊತ್ತು. ಆದರೂ ಸುಮ್ಮನಾಗುತ್ತೀರಿ. ಏಕೆಂದರೆ ನೀವು ಕಲಿತದ್ದೂ ಹೀಗೆಯೇ. ಛಡಿ ಚಂಚಂ, ವಿದ್ಯೆ ಘಂಘಂ ಎಂಬ ಗಾದೆಯನ್ನು ಕೇಳಿಕೊಂಡು ಬೆಳೆದವರು ನಾವು. ಮಾಂಸ ನಿಮ್ಮದು, ಮೂಳೆ ಮಾತ್ರ ನಮ್ಮದು ಎಂದು ಹೇಳಿ ಮಗುವನ್ನು ಹಜ್ರತರ ಕೈಗೆ ಒಪ್ಪಿಸಿದ ಹಿರಿಯರ ಮಕ್ಕಳು ನಾವು.

ಈಗ ಒಂದು ಪ್ರಶ್ನೆ. ಆ ಮಗುವಿಗೆ ಆದ ಗಾಯಗಳಲ್ಲಿ ದೊಡ್ಡದು ಯಾವುದು? ಅಂಗೈಯ ಬರೆಯೋ, ನಾಲಿಗೆಯ ಮೇಲಿನ ಆ ಸುಳ್ಳೋ? ಬರೆ ಮೂರು ದಿನಕ್ಕೆ ಮಾಯುತ್ತದೆ. ಸುಳ್ಳು?

ಸುಮಾರು 650 ವರ್ಷಗಳ ಹಿಂದೆ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡ ಮಹಾ ವಿದ್ವಾಂಸರೊಬ್ಬರಿದ್ದರು. ಇತಿಹಾಸ ಶಾಸ್ತ್ರಕ್ಕೆ ಮತ್ತು ಸಮಾಜ ಶಾಸ್ತ್ರಕ್ಕೆ ಹೊಸ ದಾರಿ ತೋರಿದವರೆಂದು ಜಗತ್ತು ಅವರನ್ನು ಸ್ಮರಿಸುತ್ತದೆ. ಆದರೆ ಶಾಲೆಯ ಬೆತ್ತದ ಬಗ್ಗೆ ಅವರು ಬರೆದುದನ್ನು ನಮ್ಮಲ್ಲಿ ನೆನೆಯುವವರು ಕಡಿಮೆ. ಅವರೇ ಇಬ್ನು ಖಲ್ದೂನ್.

ಅವರು ಹುಟ್ಟಿದ್ದು 1332ರ ಮೇ ತಿಂಗಳಲ್ಲಿ, ಹಿಜರಿ 732ರ ರಮಝಾನಿನ ಮೊದಲ ದಿನ, ಟ್ಯುನಿಸ್ ನಗರದಲ್ಲಿ. ಅವರ ಪೂರ್ವಜರು ಯಮನ್ ಕಡೆಯ ಹಝರಮೌತ್‌ನಿಂದ ಬಂದು ಸ್ಪೇನಿನ ಸೆವಿಲ್ ನಗರದಲ್ಲಿ ನೆಲೆಸಿದವರು. ಆ ನಗರ ಕ್ರೈಸ್ತ ಅರಸರ ವಶವಾಗುವ ಹೊತ್ತಿಗೆ ಕುಟುಂಬ ಉತ್ತರ ಆಫ್ರಿಕಾಕ್ಕೆ ವಲಸೆ ಬಂದಿತ್ತು. ಬಾಲಕನು ಕುರ್‌ಆನನ್ನು ಕಂಠಪಾಠ ಮಾಡಿದನು. ಅರಬಿ ವ್ಯಾಕರಣ, ಹದೀಸ್, ಮಾಲಿಕಿ ಫಿಕ್‌ಹ್ ಕಲಿತನು. ತರ್ಕಶಾಸ್ತ್ರವನ್ನು ಕಲಿಸಿದ ಅಲ್ ಆಬಿಲೀ ಎಂಬ ಗುರುವನ್ನು ಅವರು ಕೊನೆಯ ತನಕ ಗೌರವದಿಂದ ಸ್ಮರಿಸಿದರು.

ಹದಿನೇಳನೆಯ ವಯಸ್ಸಿನ ಹೊತ್ತಿಗೆ ವಿಪತ್ತು ಎರಗಿತು. 1348-49ರಲ್ಲಿ ಮಹಾ ಪ್ಲೇಗು ಟ್ಯುನಿಸನ್ನು ಹೊಕ್ಕಿತು. ತಂದೆ ತಾಯಿ ಇಬ್ಬರೂ ತೀರಿಕೊಂಡರು. ಗುರುಗಳಲ್ಲಿ ಹಲವರು ಹೋದರು. ಅನಾಥ ಯುವಕನು ಅಲ್ಪಕಾಲದಲ್ಲೇ ಅರಮನೆಯ ಕೆಲಸಕ್ಕೆ ಸೇರಿದನು.

ಅಲ್ಲಿಂದ ಮುಂದಿನ ಸುಮಾರು 25 ವರ್ಷಗಳು ಅರಮನೆಗಳಲ್ಲಿ ಕಳೆದವು. ಟ್ಯುನಿಸ್, ಫೆಝ್, ಗ್ರನಡಾ, ಬಿಜಾಯಾ. ಒಬ್ಬ ಸುಲ್ತಾನನ ನಂತರ ಇನ್ನೊಬ್ಬ ಸುಲ್ತಾನ. ಫೆಝ್‌ನಲ್ಲಿ ಸುಲ್ತಾನ್ ಅಬೂ ಇನಾನನ ಸಂಶಯಕ್ಕೆ ಗುರಿಯಾಗಿ 1357ರಲ್ಲಿ ಸೆರೆಮನೆ ಸೇರಿದರು. 1358ರ ಕೊನೆಯಲ್ಲಿ ಆ ಸುಲ್ತಾನ ಸತ್ತ ಮೇಲೆಯೇ ಬಿಡುಗಡೆ. ಗ್ರನಡಾದಲ್ಲಿದ್ದಾಗ, 1364ರ ಸುಮಾರಿಗೆ, ರಾಯಭಾರಿಯಾಗಿ ಸೆವಿಲ್‌ಗೆ ಹೋದರು. ಅಲ್ಲಿನ ಕ್ರೈಸ್ತ ಅರಸನು ತನ್ನ ಬಳಿಯೇ ಉಳಿದರೆ ಪೂರ್ವಜರ ಆಸ್ತಿಯನ್ನು ಹಿಂತಿರುಗಿಸುವೆನೆಂದನು. ಅವರು ಒಪ್ಪಲಿಲ್ಲ. ಅವರ ಆತ್ಮೀಯ ಮಿತ್ರ, ಗ್ರನಡಾದ ವಜೀರ ಇಬ್ನುಲ್ ಖತೀಬರನ್ನು 1374ರಲ್ಲಿ ಫೆಝ್‌ನ ಸೆರೆಮನೆಯಲ್ಲಿ ಕತ್ತು ಹಿಸುಕಿ ಕೊಲ್ಲಲಾಯಿತು.

ಓದುಗರೇ, ಈ ವರ್ಷಗಳಲ್ಲಿ ಅವರು ಕಂಡದ್ದು ಏನು? ಎದುರಿಗೆ ತಲೆಬಾಗಿ ಹಿಂದಿನಿಂದ ಸಂಚು ಹೂಡುವ ದರ್ಬಾರಿಗಳನ್ನು. ಸುಲ್ತಾನನ ಮುಖ ನೋಡಿ ಮಾತು ಬದಲಿಸುವ ಪಂಡಿತರನ್ನು. ಸ್ವತಃ ಅವರೂ ಪಕ್ಷ ಬದಲಿಸಬೇಕಾಯಿತು. ಅದನ್ನು ತಮ್ಮ ಆತ್ಮಕಥೆಯಲ್ಲಿ ಅವರು ಮುಚ್ಚಿಟ್ಟಿಲ್ಲ. ಭಯವು ಮನುಷ್ಯನನ್ನು ಏನು ಮಾಡುತ್ತದೆ ಎಂಬುದು ಅವರಿಗೆ ಪುಸ್ತಕದಿಂದ ತಿಳಿದ ವಿಷಯವಾಗಿರಲಿಲ್ಲ.

ಕೊನೆಗೆ 1375ರಲ್ಲಿ ಎಲ್ಲವನ್ನೂ ಬಿಟ್ಟು ಇಂದಿನ ಅಲ್ಜೀರಿಯಾದಲ್ಲಿರುವ ಇಬ್ನು ಸಲಾಮಾ ಕೋಟೆಗೆ ಕುಟುಂಬ ಸಮೇತ ಹೊರಟುಹೋದರು. ಅಲ್ಲಿ ನಾಲ್ಕು ವರ್ಷಗಳ ಏಕಾಂತ. 1377ರಲ್ಲಿ, 45ನೆಯ ವಯಸ್ಸಿನಲ್ಲಿ, ತಮ್ಮ ಇತಿಹಾಸ ಗ್ರಂಥದ ಪೀಠಿಕೆಯಾದ ಮುಕದ್ದಿಮಾವನ್ನು ಕೇವಲ ಐದು ತಿಂಗಳಲ್ಲಿ ಬರೆದು ಮುಗಿಸಿದರು. ರಾಜ್ಯಗಳು ಏಕೆ ಹುಟ್ಟುತ್ತವೆ, ಏಕೆ ಅಳಿಯುತ್ತವೆ ಎಂದು ವಿವರಿಸುವ ಆ ಬೃಹತ್ ಗ್ರಂಥದಲ್ಲಿ ಒಂದು ಪುಟ್ಟ ಅಧ್ಯಾಯವಿದೆ. ವಿದ್ಯಾರ್ಥಿಗಳೊಡನೆ ಕಠೋರವಾಗಿ ವರ್ತಿಸುವುದು ಅವರಿಗೆ ಹಾನಿಕರ ಎಂಬುದೇ ಅದರ ವಿಷಯ.

ಅವರ ವಾದ ಸರಳ. ಏಟಿನಿಂದ ಬೆಳೆದ ಮಗುವಿನ ಮನಸ್ಸು ಕುಗ್ಗುತ್ತದೆ. ಅದರ ಉತ್ಸಾಹ ಹೋಗಿ ಸೋಮಾರಿತನ ಬರುತ್ತದೆ. ಮೇಲೆ ಬೀಳಲಿರುವ ಕೈಗೆ ಅಂಜಿ ಅದು ಒಳಗಿರುವುದಕ್ಕಿಂತ ಬೇರೆಯದನ್ನು ಹೊರಗೆ ತೋರಿಸುತ್ತದೆ. ಹೀಗೆ ಸುಳ್ಳು ಮತ್ತು ಕಪಟವನ್ನು ಕಲಿಯುತ್ತದೆ. ಮೊದಲು ತಪ್ಪಿಸಿಕೊಳ್ಳಲು ಹೇಳಿದ ಸುಳ್ಳು ಕ್ರಮೇಣ ಅಭ್ಯಾಸವಾಗುತ್ತದೆ. ಅಭ್ಯಾಸ ಸ್ವಭಾವವಾಗುತ್ತದೆ. ತನ್ನನ್ನು ಮತ್ತು ತನ್ನವರನ್ನು ರಕ್ಷಿಸಿಕೊಳ್ಳುವ ಸ್ವಾಭಿಮಾನ ಸತ್ತು ಅದು ಇನ್ನೊಬ್ಬರ ಆಸರೆಗೆ ಬೀಳುತ್ತದೆ. ಸದ್ಗುಣಗಳನ್ನು ಗಳಿಸುವ ಹಂಬಲವೇ ಬತ್ತಿಹೋಗುತ್ತದೆ. ದಬ್ಬಾಳಿಕೆಗೆ ಸಿಲುಕಿದ ಜನಾಂಗಗಳಿಗೆ ಆಗುವುದೂ ಇದೇ ಎನ್ನುತ್ತಾರೆ ಅವರು. ಅರಮನೆಯಲ್ಲಿ ಕಂಡ ರೋಗದ ಬೀಜವನ್ನು ಪಾಠಶಾಲೆಯಲ್ಲಿ ಗುರುತಿಸಿದರು!

ಅದೇ ಗ್ರಂಥದ ಇನ್ನೊಂದು ಕಡೆ ಅವರು ಸಹಾಬಿಗಳ ಉದಾಹರಣೆ ಕೊಡುತ್ತಾರೆ. ಹೊರಗಿನ ದಂಡನೆಗೆ ಅಂಜಿ ನಡೆಯುವ ಜನರ ಎದೆಗಾರಿಕೆ ಕುಂದುತ್ತದೆ. ಆದರೆ ಸಹಾಬಿಗಳು ಧರ್ಮದ ಆದೇಶಗಳನ್ನು ಅಷ್ಟು ನಿಷ್ಠೆಯಿಂದ ಪಾಲಿಸಿಯೂ ಧೀರರಾಗಿಯೇ ಉಳಿದರು. ಕಾರಣ, ಅವರನ್ನು ತಡೆಯುವ ಶಕ್ತಿ ಅವರ ಅಂತರಂಗದಲ್ಲೇ ಇತ್ತು. ಅದು ಈಮಾನಿನಿಂದ ಬಂದುದು, ಬೆತ್ತದಿಂದಲ್ಲ.

ಒಬ್ಬ ಮುಸ್ಲಿಮನಿಗೆ ಇದಕ್ಕಿಂತ ಗಂಭೀರವಾದ ಎಚ್ಚರಿಕೆ ಬೇಕೆ? ಒಳಗೊಂದು ಹೊರಗೊಂದು ಇರುವುದಕ್ಕೆ ಇಸ್ಲಾಮ್ ಕೊಟ್ಟ ಹೆಸರು ನಿಫಾಕ್, ಕಪಟ ವಿಶ್ವಾಸ. ಕುರ್‌ಆನ್ ಬಲವಾಗಿ ಖಂಡಿಸಿದ ದೋಷಗಳಲ್ಲಿ ಅದೂ ಒಂದು. ಕುರ್‌ಆನ್ ಕಲಿಸುವ ಹೆಸರಿನಲ್ಲೇ ಮಗುವಿಗೆ ನಿಫಾಕಿನ ಮೊದಲ ಪಾಠ ಆಗುತ್ತಿದ್ದರೆ ಅದರ ಹೊಣೆ ಯಾರದು?

ಇಬ್ನು ಖಲ್ದೂನರು ಮೃದು ಹೃದಯದ ಕವಿಯಾಗಿದ್ದರಿಂದ ಹೀಗೆ ಬರೆದರೆಂದು ತಿಳಿಯಬೇಡಿ. 1382ರಲ್ಲಿ ಅವರು ಈಜಿಪ್ಟಿಗೆ ಹೋದರು. ಅಲ್ ಅಝ್‌ಹರಿನಲ್ಲಿ ಪಾಠ ಹೇಳಿದರು. 1384ರಲ್ಲಿ ಕೈರೋದ ಮಾಲಿಕಿ ಮುಖ್ಯ ಖಾಝಿಯಾದರು. ಸುಳ್ಳು ಸಾಕ್ಷಿಗಳನ್ನೂ ಶಿಫಾರಸು ಹಿಡಿದು ಬಂದ ದೊಡ್ಡವರನ್ನೂ ಅವರು ಲೆಕ್ಕಿಸಲಿಲ್ಲ. ಅತಿ ಕಠಿಣರೆಂದು ವಿರೋಧಿಗಳು ದೂರಿದರು. ಹುದ್ದೆ ಹೋಯಿತು, ಮತ್ತೆ ಬಂತು, ಹೀಗೆ ಹಲವು ಸಲ. ತಿಳಿದೂ ತಪ್ಪು ಮಾಡುವ ಪ್ರೌಢರ ಮುಂದೆ ಬಿಗಿಯಾಗಿದ್ದ ಅದೇ ನ್ಯಾಯಾಧೀಶರು, ತಿಳಿಯಲೆಂದೇ ಬಂದ ಮಗುವಿನ ಮುಂದೆ ಕೈ ತಡೆಯಿರಿ ಎಂದವರು.

ಅವರು ಏಟನ್ನು ಪೂರ್ತಿ ನಿಷೇಧಿಸಿದರೆಂದೂ ಹೇಳಲಾಗದು. ಅನಿವಾರ್ಯವಾದರೆ ಮೂರಕ್ಕಿಂತ ಹೆಚ್ಚು ಏಟು ಕೂಡದೆಂದು ಹಿಂದಿನ ಮಾಲಿಕಿ ವಿದ್ವಾಂಸರು ಹಾಕಿದ್ದ ಮಿತಿಯನ್ನು ಅವರು ಉಲ್ಲೇಖಿಸುತ್ತಾರೆ. ಖಲೀಫಾ ಹಾರೂನ್ ರಶೀದರು ತಮ್ಮ ಮಗನ ಶಿಕ್ಷಕರಿಗೆ ಕೊಟ್ಟ ಸಲಹೆಯನ್ನೂ ನೆನೆಯುತ್ತಾರೆ. ಸಾಧ್ಯವಾದಷ್ಟು ಹತ್ತಿರ ಕರೆದು, ಮೃದುವಾಗಿ ತಿದ್ದಬೇಕು. ಅದಕ್ಕೂ ಬಗ್ಗದಿದ್ದರೆ ಮಾತ್ರ ಬಿಗಿ ಎಂಬುದು ಅದರ ಸಾರ. ಅಂಗಾಲುಗಳನ್ನು ಕೋಲಿಗೆ ಬಿಗಿದು ಹೊಡೆಯುವ ಫಲಕ ಎಂಬ ಶಿಕ್ಷೆ ಅರಬ್ ನಾಡಿನ ಪಾಠಶಾಲೆಗಳಲ್ಲಿತ್ತು. ನಮ್ಮ ಕನ್ನಡ ನಾಡಿನ ಕೂಲಿಮಠಗಳಲ್ಲೂ ಹುಡುಗನನ್ನು ತೊಲೆಯ ಹಗ್ಗಕ್ಕೆ ಜೋತುಬಿಡುವ ಕೋದಂಡ ಇತ್ತು. ಇಂಥ ಪದ್ಧತಿಗಳಿದ್ದ ಜಗತ್ತಿನಲ್ಲಿ ಮೂರಕ್ಕೆ ನಿಲ್ಲಿಸಿರಿ ಎಂಬುದೇ ದೊಡ್ಡ ತಡೆ.

ಇಂದು ನಮ್ಮ ನಾಡಿನ ಕಾನೂನು ಆ ಮೂರನ್ನೂ ತೆಗೆದುಹಾಕಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಬೆತ್ತ ಮಾತ್ರವಲ್ಲ, ಎಲ್ಲರೆದುರು ಹೀಯಾಳಿಸುವುದೂ ಮಾನಸಿಕ ಕಿರುಕುಳವೇ. ಹಾಗೆಂದು ಏಟು ನಿಂತಿದೆಯೇ? ಹುಣಸೆ ಬರಲು ಇನ್ನೂ ಎಷ್ಟು ತರಗತಿಗಳ ಮೂಲೆಯಲ್ಲಿದೆಯೆಂದು ನಿಮ್ಮ ಮಕ್ಕಳನ್ನೇ ಕೇಳಿ ನೋಡಿ.

ಇನ್ನೊಂದು ವಿಷಯವನ್ನು ನಾವು ಪ್ರಾಮಾಣಿಕವಾಗಿ ಹೇಳಿಕೊಳ್ಳಬೇಕು. 2012ರ ತಿದ್ದುಪಡಿಯ ಮೂಲಕ ಮದ್ರಸಾಗಳನ್ನೂ ವೇದ ಪಾಠಶಾಲೆಗಳನ್ನೂ ಈ ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಡಲಾಯಿತು. ಧಾರ್ಮಿಕ ಶಿಕ್ಷಣದ ಸ್ವಾತಂತ್ರ್ಯಕ್ಕಾಗಿ ದೊರೆತ ಆ ವಿನಾಯಿತಿಯನ್ನು ಬೆತ್ತಕ್ಕೆ ದೊರೆತ ಪರವಾನಗಿ ಎಂದು ಯಾರಾದರೂ ಭಾವಿಸಿದರೆ ಅದು ಎಂಥ ಅನ್ಯಾಯ! ಮಗುವಿನ ಮೇಲಿನ ಕ್ರೌರ್ಯಕ್ಕೆ ಬೇರೆ ಕಾನೂನುಗಳಿವೆ. ಅವೆಲ್ಲಕ್ಕಿಂತ ಮಿಗಿಲಾಗಿ, ಅಲ್ಲಾಹನ ಮುಂದೆ ಲೆಕ್ಕ ಕೊಡಬೇಕಾದ ದಿನವೊಂದಿದೆ. ಅಲ್ಲಿ ಯಾವ ತಿದ್ದುಪಡಿಯೂ ಇಲ್ಲ.

ಹತ್ತು ವರ್ಷದ ಮಗು ನಮಾಝ್ ಬಿಟ್ಟರೆ ದಂಡಿಸಲು ಹದೀಸಿನಲ್ಲಿ ಹೇಳಿಲ್ಲವೇ ಎಂದು ನೀವು ಕೇಳಬಹುದು. ಅದೇ ಹದೀಸ್ ಏಳನೆಯ ವಯಸ್ಸಿನಿಂದ ಮಾತಿನಲ್ಲಿ ಹೇಳುತ್ತ ಬರಲು ಆದೇಶಿಸುತ್ತದೆ. ಅಂದರೆ ಮೂರು ವರ್ಷಗಳ ಸಹನೆ. ಆ ಸಹನೆಯನ್ನು ನಾವು ಎಣಿಸಿದ್ದೇವೆಯೇ? ಗಾಯವಾಗಬಾರದು, ಮುಖಕ್ಕೆ ತಾಗಬಾರದು, ಕೋಪದಲ್ಲಿ ಕೈ ಎತ್ತಬಾರದು ಎಂದು ವಿದ್ವಾಂಸರು ಹಾಕಿದ ಶರತ್ತುಗಳನ್ನು ಓದಿದ್ದೇವೆಯೇ? ಮಗ್ಗಿ ಬಾರದ್ದಕ್ಕೆ, ಒಂದು ಅಕ್ಷರದ ಉಚ್ಚಾರ ತಪ್ಪಿದ್ದಕ್ಕೆ ಎತ್ತುವ ಬೆತ್ತಕ್ಕೆ ಆ ಹದೀಸನ್ನು ಆಧಾರ ಮಾಡಿಕೊಳ್ಳುವುದು ಸರಿಯೇ?

ಪ್ರವಾದಿವರ್ಯರ(ಸ) ಜೀವನವನ್ನೇ ನೋಡಿರಿ. ಅವರು ಸ್ತ್ರೀಯರ ಮೇಲಾಗಲಿ ಸೇವಕರ ಮೇಲಾಗಲಿ ಎಂದೂ ಕೈ ಮಾಡಲಿಲ್ಲವೆಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಬಾಲ್ಯದಲ್ಲೇ ಸೇವೆಗೆ ಸೇರಿದ ಹ. ಅನಸ್(ರ) ಹತ್ತು ವರ್ಷಗಳಲ್ಲಿ ಒಂದು ಗದರಿಕೆಯನ್ನೂ ಕೇಳಲಿಲ್ಲ. ಹೊಸದಾಗಿ ಬಂದ ಹ. ಮುಆವಿಯಾ ಬಿನ್ ಹಕಮ್(ರ) ನಮಾಝಿನ ನಡುವೆ ಮಾತನಾಡಿಬಿಟ್ಟಾಗ ಸುತ್ತಲಿನವರೆಲ್ಲ ದಿಟ್ಟಿಸಿ ನೋಡಿದರು. ನಮಾಝ್ ಮುಗಿದ ಮೇಲೆ ಪ್ರವಾದಿ(ಸ) ಅವರನ್ನು ಬೈಯಲಿಲ್ಲ, ಹೊಡೆಯಲಿಲ್ಲ. ನಮಾಝೆಂದರೆ ಏನೆಂದು ತಿಳಿಸಿಕೊಟ್ಟರು. ಅಂಥ ಶಿಕ್ಷಕರನ್ನು ತಾನು ಅದಕ್ಕೆ ಮುಂಚೆಯೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲವೆಂದು ಆ ಸಹಾಬಿ ಜೀವನವಿಡೀ ನೆನೆದರು.

ಇಬ್ನು ಖಲ್ದೂನರ ಕೊನೆಯ ವರ್ಷಗಳು ಸುಖದಲ್ಲಿ ಕಳೆಯಲಿಲ್ಲ. ಟ್ಯುನಿಸಿನಿಂದ ಬರುತ್ತಿದ್ದ ಅವರ ಕುಟುಂಬ ಹಡಗು ಮುಳುಗಿ ಸಮುದ್ರದ ಪಾಲಾಯಿತು. 1401ರಲ್ಲಿ ತೈಮೂರನು ದಮಸ್ಕಸ್ಸಿಗೆ ಮುತ್ತಿಗೆ ಹಾಕಿದಾಗ, ಸುಮಾರು 70ನೆಯ ವಯಸ್ಸಿನಲ್ಲಿ, ಕೋಟೆಯ ಗೋಡೆಯಿಂದ ಹಗ್ಗದಲ್ಲಿ ಇಳಿದು ಅವನನ್ನು ಭೇಟಿಯಾದರು. ಭಯದಿಂದ ಆಳುವ ಮತ್ತೊಬ್ಬ ಅರಸನನ್ನೂ ಕಣ್ಣಾರೆ ಕಂಡರು. 1406ರ ಮಾರ್ಚ್‌ನಲ್ಲಿ, ರಮಝಾನ್ ತಿಂಗಳಲ್ಲಿ, ಖಾಝಿಯ ಹುದ್ದೆಯಲ್ಲಿದ್ದಾಗಲೇ ಕೈರೋದಲ್ಲಿ ನಿಧನರಾದರು. ತೈಮೂರನ ಸಾಮ್ರಾಜ್ಯ ಚೂರಾಯಿತು. ಆ ಪುಟ್ಟ ಅಧ್ಯಾಯ ಉಳಿದಿದೆ.

ಈಗ ಆ ಮಗನ ಬಳಿಗೆ ಮರಳೋಣ. ಅವನು ಇನ್ನೂ ಅಂಗೈ ಮುಚ್ಚಿಕೊಂಡೇ ನಿಂತಿದ್ದಾನೆ. ಈ ರಾತ್ರಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಜ ಹೇಳಿದರೆ ಹೊಡೆಯುವುದಿಲ್ಲವೆಂದು ಮಾತು ಕೊಡಿ, ಕೊಟ್ಟ ಮಾತನ್ನು ಉಳಿಸಿಕೊಳ್ಳಿ. ನಾಳೆ ಮೇಷ್ಟ್ರನ್ನೂ ಹಜ್ರತರನ್ನೂ ಕಾಣಿರಿ. ಜಗಳಕ್ಕೆ ಹೋಗಬೇಡಿ, ಅವರೂ ಏಟು ತಿಂದೇ ಕಲಿತವರು, ಒಂದು ಕೋಣೆಯಲ್ಲಿ ಹತ್ತಾರು ಮಕ್ಕಳನ್ನು ಸಂಭಾಳಿಸುವವರು. ಮಾಂಸವೂ ಮೂಳೆಯೂ ಅಲ್ಲಾಹನ ಅಮಾನತ್ತು, ಅದನ್ನು ಹಂಚಿಕೊಳ್ಳಲು ನಮಗೆ ಅಧಿಕಾರವಿಲ್ಲ ಎಂದಷ್ಟೇ ವಿನಯದಿಂದ ಹೇಳಿ ಬನ್ನಿ.

ನಿಮ್ಮ ಮಗು ನಿಮ್ಮೆದುರು ಸುಳ್ಳು ಹೇಳಬೇಕಾದ ಅಗತ್ಯವಿಲ್ಲದ ದಿನ ಬಂದರೆ, ತರಬಿಯತ್ತಿನ ಮೊದಲ ಪಾಠ ಮುಗಿಯಿತೆಂದು ತಿಳಿಯಿರಿ. ಅಲ್ಲಾಹನು ನಮ್ಮ ಕೈಗಳನ್ನು ತಡೆಯಲಿ, ನಮ್ಮ ಮಕ್ಕಳ ನಾಲಿಗೆಯನ್ನು ಸತ್ಯದಲ್ಲಿ ಸ್ಥಿರಗೊಳಿಸಲಿ. ಆಮೀನ್.