ಏಷ್ಯಾವನ್ನು ಒಂದೇ ಕಣಕ್ಕೆ ಕರೆದ ಅಧ್ಯಾಪಕ

ಪಂದ್ಯದಲ್ಲಿ ಗೆದ್ದವರ ಹೆಸರು ಎಲ್ಲರ ನಾಲಗೆಯ ಮೇಲೂ ನಲಿಯುತ್ತದೆ. ಕಣವನ್ನು ಹದಗೊಳಿಸಿದವರ ಹೆಸರು ಕಣದ ಮಣ್ಣಿನಲ್ಲೇ ಉಳಿದುಬಿಡುತ್ತದೆ. ನಮ್ಮೂರ ಜಾತ್ರೆಯ ಕುಸ್ತಿಗೆ ಕೆಮ್ಮಣ್ಣನ್ನು ಜರಡಿ ಹಿಡಿದು ಕಣ ಸಿದ್ಧಪಡಿಸುತ್ತಿದ್ದವರಲ್ಲಿ ನನ್ನ ತಂದೆಯವರೂ ಒಬ್ಬರು. ಓದುಬರಹ ಅರಿಯದ ಅವರು ಒಂದು ನಿಯಮವನ್ನು ಮಾತ್ರ ಎಂದೂ ಮೀರಿದವರಲ್ಲ. ವೀಳ್ಯ ಕೊಟ್ಟು ಕರೆದ ಜಟ್ಟಿ ಯಾವ ಊರಿನವನೇ ಆಗಿರಲಿ, ಅವನನ್ನು ಕಣದ ಅಂಚಿನಿಂದ ಹಿಂದಕ್ಕೆ ಕಳಿಸಕೂಡದು. ಇದೇ ನಿಯಮಕ್ಕಾಗಿ ತಮ್ಮ ಇಳಿವಯಸ್ಸಿನಲ್ಲಿ ಒಂದು ಸರ್ಕಾರವನ್ನೇ ಎದುರು ಹಾಕಿಕೊಂಡ ಮಹನೀಯರು ಗುರುದತ್ತ ಸೊಂಧಿಯವರು. ಅವರು ನಮ್ಮ ಅಧ್ಯಾಪಕರಂತೆಯೇ ಸರ್ಕಾರಿ ಕಾಲೇಜೊಂದರಲ್ಲಿ ಪಾಠ ಹೇಳಿದವರು ಎಂಬುದು ನಮಗೆ ಹೆಮ್ಮೆಯ ಸಂಗತಿ.

ಸೊಂಧಿಯವರು 1890ರಲ್ಲಿ ಪಂಜಾಬಿನ ಜಲಂಧರದಲ್ಲಿ ಜನಿಸಿದರು. ಲಾಹೋರಿನ ಸರ್ಕಾರಿ ಕಾಲೇಜಿನಲ್ಲೂ ಅನಂತರ ಕೇಂಬ್ರಿಜ್ಜಿನಲ್ಲೂ ವ್ಯಾಸಂಗ ಮಾಡಿ, ತಾವು ಓದಿದ ಲಾಹೋರಿನ ಕಾಲೇಜಿಗೇ ಮರಳಿ ಅಧ್ಯಾಪಕರಾದರು. ಮುಂದೆ ಅಲ್ಲಿಯೇ ಪ್ರಿನ್ಸಿಪಾಲರೂ ಆದರು. ಪುಸ್ತಕ ಬೇರೆ, ಮೈದಾನ ಬೇರೆ ಎಂಬ ಭೇದ ಅವರಲ್ಲಿರಲಿಲ್ಲ. 1932ರಲ್ಲಿ ಅವರು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು. ದೇಶ ಇನ್ನೂ ಪರಾಧೀನವಾಗಿದ್ದ 1934ರಲ್ಲಿ ದೆಹಲಿಯಲ್ಲಿ ಪಶ್ಚಿಮ ಏಷ್ಯಾ ಕ್ರೀಡಾಕೂಟ ನಡೆಯುವಂತೆ ಮಾಡಿದರು. ಭಾರತ, ಸಿಂಹಳ, ಆಫ್ಘಾನಿಸ್ತಾನ, ಪ್ಯಾಲೆಸ್ತೀನ್ ಈ ನಾಲ್ಕು ನಾಡುಗಳವರು ಭಾಗವಹಿಸಿದರು. ಭಾವನಗರದ ಮಹಾರಾಜರ ಕೊಡುಗೆಯಿಂದ ಕಟ್ಟಿದ ಇರ್ವಿನ್ ಆಂಫಿಥಿಯೇಟರ್ ಕೂಟಕ್ಕೆ ಕಣವಾಯಿತು. 1938ರಲ್ಲಿ ಪ್ಯಾಲೆಸ್ತೀನಿನಲ್ಲಿ ಸೇರಬೇಕಾಗಿದ್ದ ಎರಡನೆಯ ಕೂಟವು ಅಲ್ಲಿನ ಗಲಭೆಗಳಿಂದ ನಿಂತುಹೋಯಿತು. ಮರುವರ್ಷವೇ ಮಹಾಯುದ್ಧ ಆರಂಭವಾಯಿತು.

ಆದರೂ ಬಿತ್ತಿದ ಬೀಜ ಸಾಯಲಿಲ್ಲ. 1948ರಲ್ಲಿ ಲಂಡನ್ನಿನ ಒಲಿಂಪಿಕ್ ಕೂಟಕ್ಕೆ ಬಂದಿದ್ದ ಏಷ್ಯಾದ ತಂಡಗಳ ಮುಖಂಡರನ್ನು ಸೊಂಧಿಯವರು ಒಂದೆಡೆ ಸೇರಿಸಿ ತಮ್ಮ ಕನಸನ್ನು ಅವರ ಮುಂದಿಟ್ಟರು. 1949ರ ಫೆಬ್ರವರಿಯಲ್ಲಿ ದೆಹಲಿಯ ಪಟಿಯಾಲಾ ಭವನದಲ್ಲಿ ಏಷ್ಯಾ ಕ್ರೀಡಾ ಒಕ್ಕೂಟ ಹುಟ್ಟಿತು. ಪಟಿಯಾಲಾದ ಮಹಾರಾಜ ಯಾದವೀಂದ್ರ ಸಿಂಗರು ಅಧ್ಯಕ್ಷರಾದರು. ಸದಾ ಮುಂದಕ್ಕೆ ಎಂಬ ಅರ್ಥದ ಅದರ ಧ್ಯೇಯವಾಕ್ಯವನ್ನು ಸೂಚಿಸಿದವರು ಸೊಂಧಿಯವರೇ.

ಆದರೆ ಕೂಟ ನಡೆಸುವುದು ಸುಲಭವೇ? ದೇಶ ವಿಭಜನೆಯ ಗಾಯ ಇನ್ನೂ ಮಾಯದಿದ್ದ ಕಾಲ. ಹಣದ ಅಭಾವ, ಸಲಕರಣೆಗಳ ಅಭಾವ. 1950ಕ್ಕೆ ನಿಶ್ಚಯವಾಗಿದ್ದ ಕೂಟವನ್ನು ಮುಂದೂಡಬೇಕಾಯಿತು. ಆಂಟನಿ ಡಿ ಮೆಲ್ಲೊ ಅವರಂಥ ಸಮರ್ಥರು ಸಿದ್ಧತೆಗೆ ಹೆಗಲು ಕೊಟ್ಟರು. ಹಳೆಯ ಆಂಫಿಥಿಯೇಟರ್ ದುರಸ್ತಿಗೊಂಡು ನ್ಯಾಷನಲ್ ಸ್ಟೇಡಿಯಂ ಎನಿಸಿತು. ಆಟಗಾರರ ವಾಸಕ್ಕೆ ಸೈನಿಕರ ಬ್ಯಾರಕ್ಕುಗಳೇ ಬಿಡಾರವಾದವು. 1951ರ ಮಾರ್ಚ್ 4ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಕೂಟವನ್ನು ಉದ್ಘಾಟಿಸಿದರು. 11 ರಾಷ್ಟ್ರಗಳ 489 ಮಂದಿ ಬಂದಿದ್ದರು. ಲಂಡನ್ ಒಲಿಂಪಿಕ್ಕಿಗೆ ಪ್ರವೇಶವಿಲ್ಲದಿದ್ದ ಜಪಾನಿಗೆ ದೆಹಲಿಯಲ್ಲಿ ಪ್ರವೇಶವಿತ್ತು. ಯುದ್ಧದಲ್ಲಿ ಜಪಾನಿನ ಸೈನ್ಯದಿಂದ ನೊಂದಿದ್ದ ಫಿಲಿಪೈನ್ಸ್, ಬರ್ಮಾಗಳೂ ಅದೇ ಕಣದಲ್ಲಿದ್ದವು. ಅತಿ ಹೆಚ್ಚು ಚಿನ್ನದ ಪದಕಗಳು ಜಪಾನಿಗೇ ಸಂದವು. 15 ಚಿನ್ನ ಗಳಿಸಿದ ಭಾರತ ಎರಡನೆಯದಾಯಿತು. ಕಾಲ್ಚೆಂಡಿನಲ್ಲಿ ಇರಾನನ್ನು ಒಂದು ಗೋಲಿನಿಂದ ಸೋಲಿಸಿ ಚಿನ್ನ ಗೆದ್ದ ನಮ್ಮ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನರೂ ಇದ್ದರೆಂಬುದು ಕನ್ನಡನಾಡಿಗೆ ಸಂತಸ ತರುವ ವಿಷಯ.

ಸೊಂಧಿಯವರ ಕಠಿಣ ಪರೀಕ್ಷೆ ಬಂದದ್ದು 1962ರಲ್ಲಿ. ನಾಲ್ಕನೆಯ ಏಷ್ಯಾ ಕ್ರೀಡಾಕೂಟವನ್ನು ಜಕಾರ್ತದಲ್ಲಿ ನಡೆಸುವ ಹೊಣೆಯನ್ನು ಇಂಡೊನೇಷ್ಯಾ ಸರ್ಕಾರ ಹೊತ್ತಿತ್ತು. ಅಧ್ಯಕ್ಷ ಸುಕರ್ಣೊ ಅವರು ಅದಕ್ಕಾಗಿ ರಾಜಧಾನಿಯ ರೂಪವನ್ನೇ ಬದಲಿಸಿದರೆಂದರೆ ಅತಿಶಯೋಕ್ತಿಯಲ್ಲ. ಸೋವಿಯತ್ ದೇಶದ ಸಾಲ ಪಡೆದು ಸೆನಯಾನಿನಲ್ಲಿ ಲಕ್ಷಕ್ಕೂ ಮಿಕ್ಕಿ ಜನ ಕೂರುವ ಕ್ರೀಡಾಂಗಣವನ್ನು ಸುಮಾರು ಎರಡೂವರೆ ವರ್ಷಗಳಲ್ಲಿ ಕಟ್ಟಿಸಿದರು. ಅತಿಥಿಗಳಿಗಾಗಿ ದೊಡ್ಡ ಹೋಟೆಲು ಎದ್ದಿತು. ಅದರ ಮುಂದೆ ಹೂಗುಚ್ಛ ಹಿಡಿದು ಸ್ವಾಗತಿಸುವ ತರುಣ ತರುಣಿಯರ ಪ್ರತಿಮೆ ನಿಂತಿತು. ಕೂಟದ ಉದ್ಘಾಟನೆಯ ದಿನವೇ ದೇಶದ ಟೆಲಿವಿಷನ್ ಪ್ರಸಾರವೂ ಆರಂಭವಾಯಿತು. ಸರ್ಕಾರವೊಂದು ಮನಸ್ಸು ಮಾಡಿದರೆ ಏನೆಲ್ಲ ಸಾಧ್ಯ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಆದರೆ ಸ್ವಾಗತದ ಪ್ರತಿಮೆ ನಿಂತ ಊರಿನಲ್ಲೇ ಇಬ್ಬರಿಗೆ ಬಾಗಿಲು ಮುಚ್ಚಿತು. ಅರಬ್ ರಾಷ್ಟ್ರಗಳ ಮತ್ತು ಚೀನಾದ ಸ್ನೇಹವನ್ನು ಕಾಯಬೇಕೆಂದು ಸರ್ಕಾರವು ಇಸ್ರೇಲ್ ಮತ್ತು ತೈವಾನ್ ತಂಡಗಳಿಗೆ ಪ್ರವೇಶಪತ್ರ ಕೊಡಲಿಲ್ಲ. ಎರಡೂ ಒಕ್ಕೂಟದ ಸದಸ್ಯ ನಾಡುಗಳು. ಸದಸ್ಯರನ್ನು ಹೊರಗಿಟ್ಟ ಕೂಟಕ್ಕೆ ಏಷ್ಯಾ ಕ್ರೀಡಾಕೂಟವೆಂಬ ಹೆಸರು ಸಲ್ಲದೆಂದು 71 ವರ್ಷದ ಸೊಂಧಿಯವರು ಜಕಾರ್ತದಲ್ಲೇ ನಿಂತು ವಾದಿಸಿದರು. ಜನರ ಕೋಪ ಭುಗಿಲೆದ್ದಿತು. ಸೆಪ್ಟೆಂಬರ್ 3ರಂದು ಗುಂಪೊಂದು ಭಾರತದ ರಾಯಭಾರ ಕಚೇರಿಯ ಮೇಲೆ ನುಗ್ಗಿತು. ತಾವೇ ಹುಟ್ಟುಹಾಕಿದ ಕೂಟ ಮುಗಿಯುವ ಮುನ್ನವೇ ಆ ವೃದ್ಧರು ಊರು ಬಿಡಬೇಕಾಯಿತು.

ಅವರ ಮಾತಿನ ಬೆಲೆಯನ್ನು ತೆತ್ತವರು ನಮ್ಮ ಆಟಗಾರರು. ಮರುದಿನ ಕಾಲ್ಚೆಂಡಿನ ಅಂತಿಮ ಪಂದ್ಯದಲ್ಲಿ ತುಂಬಿದ ಕ್ರೀಡಾಂಗಣ ಭಾರತವನ್ನು ಮೂದಲಿಸಿತು. ಆದರೂ ಅವರು ದಕ್ಷಿಣ ಕೊರಿಯಾವನ್ನು 2-1ರಿಂದ ಗೆದ್ದರು. ಆಟಗಾರರು ಅಪಾಯದಲ್ಲಿರುವಾಗ ಹಿರಿಯರು ಬಾಯಿ ಬಿಗಿಹಿಡಿಯಬೇಕಾಗಿತ್ತೇ? ಈ ಪ್ರಶ್ನೆಯನ್ನು ನಾನು ಹಲವು ಸಲ ಕೇಳಿಕೊಂಡಿದ್ದೇನೆ. ಅಂದು ಸುಮ್ಮನಿದ್ದಿದ್ದರೆ ಮುಂದೆ ಕೂಟ ನಡೆಸುವ ಪ್ರತಿಯೊಂದು ಸರ್ಕಾರವೂ ತನಗೆ ಬೇಡವಾದವರ ಹೆಸರನ್ನು ಪಟ್ಟಿಯಿಂದ ಅಳಿಸಬಹುದಾಗಿತ್ತು ಎಂದೇ ನನಗೆ ತೋರುತ್ತದೆ. 1963ರಲ್ಲಿ ಒಲಿಂಪಿಕ್ ಸಮಿತಿ ಇಂಡೊನೇಷ್ಯಾವನ್ನು ಅಮಾನತಿನಲ್ಲಿಟ್ಟಾಗ ಸೊಂಧಿಯವರ ವಾದಕ್ಕೇ ಮನ್ನಣೆ ದೊರೆಯಿತು.

1966ರಲ್ಲಿ ಅವರು ಕಾಲವಾದರು. ಹಣ, ಕಟ್ಟಡ, ರಸ್ತೆ, ಕಾವಲು ಇವೆಲ್ಲ ಸರ್ಕಾರದಿಂದಲೇ ಆಗಬೇಕು. ಅದಿಲ್ಲದೆ ಯಾವ ಮಹಾಕೂಟವೂ ನಡೆಯದು. ಆದರೆ ಕಣ ಕಟ್ಟಿಸಿದ ಮಾತ್ರಕ್ಕೆ ಕರೆಯೋಲೆ ಕಟ್ಟಿಸಿದವನ ಸ್ವತ್ತಾಗುವುದಿಲ್ಲ. ನಮ್ಮ ತಂದೆಯವರಿಗೆ ಸೊಂಧಿಯವರ ಹೆಸರು ಗೊತ್ತಿಲ್ಲ. ಕಳೆದ ರಜೆಯಲ್ಲಿ ಈ ಕಥೆಯನ್ನು ಹೇಳಿದಾಗ ಅವರು ಪೂರ್ತಿ ಕೇಳಿ, ಆ ಮೇಷ್ಟ್ರು ಸರಿಯಾದದ್ದನ್ನೇ ಮಾಡಿದರೆಂದು ತಲೆಯಾಡಿಸಿದರು.